ಸಾಬರಿಗೆ ನಾನಿಟ್ಟ ಹೆಸರು

ಹೋದ ತಿಂಗಳು ಮನೆಯ ನೀರಿನ ಮೋಟಾರು ಸುಟ್ಟುಹೋಯಿತು. ಆಟೋದಲ್ಲಿ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಹೋದೆ. ಆಗತಾನೆ ಸುತ್ತಿದ ತಾಮ್ರದ ತಂತಿಗೆ ವಾರ್ನಿಷ್ ಬಳಿದು, ಬಲ್ಬಿನ ಬಿಸಿಗೆ ಒಣಗಲು ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಇದೇ ವಾಸನೆಯನ್ನು ಅಂಗಿಯಲ್ಲಿ ಹೊತ್ತುಕೊಂಡು, ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರೊಬ್ಬರಿದ್ದರು...

ತೊಂಬತ್ತರ ದಶಕದ ಕೊನೆ. ನಾನು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಅವರು ನಮ್ಮ ಬೀದಿಯ ತುದಿಯಲ್ಲಿ ಅಂಗಡಿ ಇಟ್ಟುಕೊಂಡು, ಹಳ್ಳಿಗಳಿಂದ ಬರುವ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಕೊಡುತ್ತಿದ್ದರು. ಊರಿಗೆಲ್ಲ ವೈಂಡಿಂಗ್ ಸಾಬರು. ನಾನೂ ಹಾಗೇ ಕರೆಯುತ್ತಿದ್ದೆ.

ಆ ಕಾಲದಲ್ಲಿ ಟಿವಿಯಲ್ಲಿ ವಾರಕ್ಕೊಮ್ಮೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಮುಖವಾಡ ತೊಟ್ಟು, ಗೋಡೆಗಳನ್ನೇ ತೂರಿಕೊಂಡು ಹೋಗುವ ಒಬ್ಬ ವೀರ. ಅವನ ಬೆನ್ನಿಗೆ ಗೂಢಚಾರರ ಪಡೆ, ಎದುರಿಗೆ ದೇಶ ಹಾಳುಮಾಡಲು ಹೊರಟ ಗ್ಯಾಂಗು. ನಡುವೆ ಕರಿ ಕೋಟಿನ ಒಬ್ಬ ಅಧಿಕಾರಿ. ಹಗಲು ವೀರನ ಜೊತೆ, ಕತ್ತಲಾದರೆ ಗ್ಯಾಂಗಿನವರ ಜೊತೆ. ಅವನು ನಿಜವಾಗಿ ಯಾರ ಕಡೆ? ಮಿಲ್ಲಿನಲ್ಲಿ, ಟೀ ಅಂಗಡಿಯಲ್ಲಿ ವಾರವಿಡೀ ನಮಗೆ ಇದೇ ಜಗಳ. ನಾನು, ನನ್ನ ಭಾವಮೈದ ಇಬ್ಬರೂ ಅವನು ದ್ರೋಹಿ ಎನ್ನುವ ಪಕ್ಷ. ಮೊಳಕಾಲ್ಮೂರಿನಿಂದ ಈ ಧಾರಾವಾಹಿ ನೋಡಲೆಂದೇ ಬಸ್ಸು ಹತ್ತಿ ಬರುತ್ತಿದ್ದ ಭಾವಮೈದ, ಮಾತಿಗೆ ತೆಲುಗು ಬೆರೆಸಿ, "ಅವನು ದೊಂಗ, ಭಾವಾ! ಪಕ್ಕಾ ಕಳ್ಳ! ಡಬಲ್ ಗೇಮ್ ಆಡ್ತಾನೆ" ಎಂದು ತೊಡೆ ತಟ್ಟುತ್ತಿದ್ದ. ಸಾಬರದು ಎದುರು ಪಕ್ಷ. "ಅವನು ನಮ್ಮವನೇ ಕಣ್ರಿ. ಕಣ್ಣು ನೋಡ್ರಿ ಅವನ್ದು" ಎನ್ನುತ್ತಿದ್ದರು.

ನಮಗೆ ಯಾರಿಗೂ ಹಿಂದಿ ಬಾರದು. ಮನೆಯಲ್ಲಿ ಉರ್ದು ಆಡುವ ಸಾಬರೇ ನಮಗೆ ಗತಿ. ಟಿವಿ ನನ್ನದು, ಅದರ ಮುಂದಿನ ಕುರ್ಚಿ ಅವರದು. ಖಳನ ಮಾತನ್ನು ಮಂಡಿ ದಲ್ಲಾಳಿಯ ರಾಗದಲ್ಲಿ ಹೇಳಿದರೆ, ವೀರನ ತಾಯಿಯ ಮಾತಿಗೆ ದನಿ ಸಣ್ಣ ಮಾಡಿ, "ಬಾರೋ ಮಗನೇ, ಎಷ್ಟು ಸೊರಗೀಯಲ್ಲೋ, ಒಂದು ಮುದ್ದೆನಾದ್ರೂ ಉಂಡು ಹೋಗೋ" ಎನ್ನುವರು. ನಾವು ರೇಗಿಸುತ್ತಿದ್ದೆವು.

"ಸಾಬ್ರೇ, ಆಯಮ್ಮ ಅಂದಿದ್ದು ಎರಡೇ ಮಾತು. ಮುದ್ದೆ ಎಲ್ಲಿಂದ ಬಂತು?"

"ಬಾಯಾಗೆ ಎರಡು ಬಂತು. ಹೊಟ್ಟೆಯಾಗೆ ಇನ್ನೂ ಐತೆ ಕಣ್ರಿ, ತಾಯಿ ಅಲ್ವಾ?"

ಒಂದು ಭಾನುವಾರ ಕಥೆಯಲ್ಲಿ ಆ ಅಧಿಕಾರಿ ಸಿಕ್ಕಿಬಿದ್ದ. ವೀರ ಅವನ ಕೊರಳಪಟ್ಟಿ ಹಿಡಿದು ಏನೋ ಕೇಳಿದ. ಅವನು ಒಂದೇ ಮಾತು ಹೇಳಿದ. ಸಾಬರು ಎದ್ದು ನಿಂತು ಕನ್ನಡದಲ್ಲಿ ಹೇಳಿದರು: "ನಾನು ನಮ್ಮವರ ಕಡೆಯೇ ಇದೀನಿ ಅಂತಾನೆ! ಹೆಂಗೆ ಗುಮಾಸ್ತ್ರೇ, ನಾನೇನಂದಿದ್ದೆ?"

ಮನೆ ತುಂಬ ಜನ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನನಗೆ ಸೋಲು ತಡೆಯಲಾಗಲಿಲ್ಲ. "ನಮ್ಮವರು ಅಂದ್ರೆ ಯಾರು? ಗ್ಯಾಂಗಿನೋರೂ ಅವನಿಗೆ ನಮ್ಮವರೇ ಆಗಬಹುದಲ್ಲ?" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅದು ಹೋಗ್ಲಿ ಸಾಬ್ರೇ, ನಿಮಗೆ ನಮ್ಮವರು ಅಂದ್ರೆ ಯಾರು? ಮೊದ್ಲು ಅದನ್ನ ಹೇಳ್ರಿ. ನೀವೂ ಡಬಲ್ಲೇನೋ!"

ಮನೆಯೆಲ್ಲ ಹೋ ಎಂದಿತು. ಸಾಬರೂ ನಕ್ಕರು. ನಕ್ಕು, ಕುಳಿತು, ಉಳಿದ ಕಥೆಯನ್ನು ಕೊನೆತನಕ ಹೇಳಿದರು. ಅವರು ಹೋದ ಮೇಲೆ ನನ್ನ ಹೆಂಡತಿ ಟೀ ಲೋಟ ತೊಳೆಯುತ್ತಾ, "ಮನೆಗೆ ಕರೆದು ಕೂರಿಸಿ ಹಂಗನ್ನಬಹುದಾ?" ಎಂದಳು. ತಮಾಷೆ ಕಣೇ ಎಂದೆ.

ಮುಂದಿನ ವಾರವೂ ಅವರು ಬಂದರು. ಯಾರೋ, "ಡಬಲ್ ಬಂದ್ರು, ದಾರಿ ಬಿಡ್ರಲೇ" ಎಂದರು. ಎಲ್ಲರ ಜೊತೆ ನಾನೂ ನಕ್ಕೆ. ಅವತ್ತು ತಾಯಿ ಎರಡು ಮಾತು ಆಡಿದರೆ ಸಾಬರೂ ಎರಡೇ ಮಾತು ಹೇಳಿದರು. ಮುದ್ದೆ ಇಲ್ಲ, ದಲ್ಲಾಳಿಯ ರಾಗ ಇಲ್ಲ. ಕೋರ್ಟಿನಲ್ಲಿ ಸಾಕ್ಷಿ ನುಡಿಯುವವರ ಹಾಗೆ, ಇದ್ದದ್ದು ಇದ್ದಷ್ಟೇ... ಆಮೇಲೆ ಅವರು ಬರುವುದನ್ನೇ ಬಿಟ್ಟರು. ಆ ಅಧಿಕಾರಿ ಕೊನೆಗೆ ಯಾರ ಕಡೆಯವನಾದ ಎಂದು ನಮಗೆ ತಿಳಿಯಲೇ ಇಲ್ಲ.

ಹೆಸರು ಮಾತ್ರ ಬೀದಿ ದಾಟಿತು. ಬಿ.ಜಿ. ಕೆರೆಯಿಂದ ಮೋಟಾರು ತಂದ ರೈತರೂ ಬಸ್‌ಸ್ಟ್ಯಾಂಡಿನಲ್ಲಿ, "ಡಬಲ್ ಸಾಬರ ಅಂಗಡಿ ಎಲ್ಲೈತೆ?" ಎಂದು ಕೇಳುವಂತಾಯಿತು. ಅವರಿಗೆ ಅದು ಬರೀ ಗುರುತು. ಗೊತ್ತಿದ್ದವರಿಗೆ ಹಾಗಿರಲಿಲ್ಲ. ಊರಿನಲ್ಲಿ ಮನಸ್ಸುಗಳು ಕೆಟ್ಟಾಗ ಆ ಪದಕ್ಕೆ ಬೇರೆಯೇ ಮೊನೆ ಬರುತ್ತಿತ್ತು.

ಒಂದು ದಿನ ಅವರು ಮಿಲ್ಲಿನ ಗೇಟಿಗೆ ಬಂದರು. ತಮ್ಮ ಹೆಂಡತಿಯ ತವರೂ ಆದ ಮೊಳಕಾಲ್ಮೂರಿಗೇ ಅಂಗಡಿ ಒಯ್ಯುವುದಾಗಿ ಹೇಳಿದರು. "ನಿಮ್ಮ ಭಾವಮೈದಂಗೆ ಒಂದು ಮಾತು ಹೇಳ್ರಿ. ಆ ಹೆಸರು ಅಲ್ಲಿಗೆ ಬರೋದು ಬ್ಯಾಡ. ಮಕ್ಕಳು ಅಲ್ಲೇ ಬೆಳೀಬೇಕು" ಎಂದರು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಯ್ತು, ಹೇಳ್ತೀನಿ ಎಂದೆ.

ಹೇಳಲಿಲ್ಲ. ಭಾವಮೈದ ಬಂದಾಗಲೆಲ್ಲ ಮಾತು ತುಟಿಯ ತನಕ ಬರುತ್ತಿತ್ತು. ಹೇಳಿದರೆ ಅವನು, "ನೀವ್ಯಾವ ಕಡೆ ಭಾವಾ?" ಎಂದು ನಗುತ್ತಾನೆ ಎಂಬ ಭಯ. ನಾನು ಅಷ್ಟು ಸಲೀಸಾಗಿ ಕೇಳಿದ್ದ ಪ್ರಶ್ನೆಯನ್ನೇ ನನಗೂ ಕೇಳಿಯಾರು ಎಂದು ಹೆದರಿದೆ. ಕೆಲವೇ ವಾರಗಳಲ್ಲಿ ಅವನೇ ಸುದ್ದಿ ತಂದ. "ನಿಮ್ಮ ಡಬಲ್ ನಮ್ಮೂರಾಗೇ ಅವ್ನೆ ಭಾವಾ. ನಮ್ಮ ಬೀದಿಯೋರಿಗೆಲ್ಲ ಹೇಳಿದೀನಿ!" ನಾನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹೋದ ತಿಂಗಳು ಮನೆಯ ಮೋಟಾರು ರಿಪೇರಿಯಾಗಿ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ವರ್ಷ ಸಾಬರನ್ನು ಹುಡುಕಿ ಹೋಗದಿದ್ದವನು ಬಸ್ಸು ಹತ್ತಿದೆ. ಮೊಳಕಾಲ್ಮೂರಿನಲ್ಲಿ ವೈಂಡಿಂಗ್ ಅಂಗಡಿ ಎಂದು ಕೇಳಿದ ಕೂಡಲೇ ಬೆರಳು ತೋರಿಸಿದರು. ಮೇಲೆ ದೊಡ್ಡ ಅಕ್ಷರದಲ್ಲಿ ಬೋರ್ಡು: ಡಬಲ್ ವೈಂಡಿಂಗ್ ವರ್ಕ್ಸ್.

ಒಳಗೆ ಮಗನಿದ್ದ. ನಡುವಯಸ್ಸು, ಅಪ್ಪನದೇ ಮೂಗು. ಅಬ್ಬಾ ತೀರಿಕೊಂಡು ಬಹಳ ವರ್ಷವಾಯಿತು ಎಂದ. ಚಳ್ಳಕೆರೆಯಿಂದ ಬಂದೆ ಎಂದದ್ದಕ್ಕೆ ಸ್ಟೂಲು ಒರೆಸಿ ಕೂರಿಸಿ ಟೀ ತರಿಸಿದ. ಬೋರ್ಡಿನ ಹೆಸರು ಹೇಗೆ ಬಂತು ಎಂದು ಕೇಳಿದೆ. ಕೇಳಬಾರದಿತ್ತು.

"ನಮ್ಮ ಅಬ್ಬಾ ಚಳ್ಳಕೆರೆಯಾಗಿದ್ದಾಗ ಎರಡಾಳಿನ ಕೆಲಸ ಒಬ್ರೇ ಮಾಡೋರಂತೆ. ಅಲ್ಲೊಬ್ಬರು ಮಿಲ್ ಗುಮಾಸ್ತರು, ಅಬ್ಬಾಗೆ ಬಹಳ ದೋಸ್ತ್ ಅಂತೆ. ಅವರು ಪ್ರೀತಿಯಿಂದ ಇಟ್ಟ ಹೆಸರಂತ್ರಿ. ನಿಮಗೇನಾದ್ರೂ ಗೊತ್ತಾ ಅವರು?"

ಲೋಟವನ್ನು ಕೆಳಗಿಟ್ಟೆ. ಇಲ್ಲಪ್ಪಾ, ಗೊತ್ತಿಲ್ಲ ಎಂದೆ.

ನಿಜ ಹೇಳಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಆದರೆ ನಾನು ಬಸ್ಸು ಹತ್ತಿ ಹಿಂತಿರುಗಿದ ಮೇಲೂ ಅವನು ಆ ಬೋರ್ಡಿನ ಕೆಳಗೇ ಕೂರಬೇಕಲ್ಲ... ಬಾಯಿಂದ ಆಗದ್ದನ್ನು ಈಗ ಬರೆಯುತ್ತಿದ್ದೇನೆ. ಇದು ಅವನ ಕೈಗೆ ಸಿಗಬಾರದು ಎನ್ನಿಸುತ್ತದೆ, ಸಿಗಲಿ ಎಂದೂ ಎನ್ನಿಸುತ್ತದೆ. ನಾನು ಯಾರ ಕ್ಷಮೆ ಕೇಳಬೇಕೋ ಅವರು ಮಾತ್ರ ಇಲ್ಲ. ನಾನು ದೋಸ್ತ್ ಎಂದು ಮಕ್ಕಳಿಗೆ ಹೇಳಿಟ್ಟು ಹೋಗಿದ್ದಾರೆ.