ಹಿತ್ತಲ ಬಾಗಿಲಿನ ಹನ್ನೊಂದು ಕೀಲಿಕೈ

ಖಾಲಿ ಬಿದ್ದ ಮನೆಗೆ ಎಂಬತ್ತು ಯೂನಿಟ್ ಕರೆಂಟು ಉರಿದಿದೆ ಎಂದು ದಲ್ಲಾಳಿ ಫೋನು ಮಾಡಿದಾಗ ಬಾಬಿನಕ್ಕ ಹಾಸ್ಟೆಲಿನ ಹೊದಿಕೆಗಳನ್ನು ಮಡಚುತ್ತಿದ್ದಳು.

"ಅಕ್ಕ, ಮನೆ ಖಾಲಿ ಅಂದಿದ್ರಲ್ಲ."

"ಮೂರು ವರ್ಷದಿಂದ ಖಾಲಿ."

"ಖಾಲಿ ಮನೇಲಿ ಫ್ಯಾನ್ ಹಾಕ್ಕೊಂಡು ಮಲಗೋರು ಯಾರು? ಎರಡು ತಿಂಗಳಿಂದ ಮೀಟರ್ ಓಡ್ತಾ ಇದೆ."

"ಪೇಂಟರ್ ಇದ್ದಾನಲ್ಲ."

"ಪೇಂಟರ್ ಬಂದು ನಾಲ್ಕು ದಿನ. ಅವನೇನು ಕರೆಂಟು ಕುಡೀತಾನಾ?"

ಬಾಬಿನಕ್ಕ ಕೈಯಲ್ಲಿದ್ದ ಹೊದಿಕೆಯನ್ನು ಕೆಳಗಿಟ್ಟಳು. ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಬಾಬಿನ್ನಿಗೆ ನೂಲು ಸುತ್ತಿದ್ದಕ್ಕೆ ಬಂದ ಹೆಸರು, ಬಾಬಿನಕ್ಕ. ಗಿರಣಿ ಮುಚ್ಚಿತು, ಗಂಡ ತೀರಿಕೊಂಡ. ಆಮೇಲೆ ತಂಗಿಯಿದ್ದ ಬಂದರಿನ ಊರಿಗೆ ಬಂದು ಹೆಣ್ಣುಮಕ್ಕಳ ಹಾಸ್ಟೆಲು ನೋಡಿಕೊಳ್ಳುವ ಕೆಲಸ ಹಿಡಿದು, ತಂಗಿಯನ್ನೂ ಅಲ್ಲೇ ಜೊತೆಗಿಟ್ಟುಕೊಂಡಳು. ಹಳೆಯ ಮನೆಗೂ ಇಲ್ಲಿಗೂ ರೈಲಿನಲ್ಲಿ ಒಂದೂವರೆ ದಿನ. ಈಗ ಹಾಸ್ಟೆಲಿಗೂ ಬೀಗ ಬೀಳುವುದಿತ್ತು, ಅದೂ ಈ ತಿಂಗಳ ಕೊನೆಗೆ. ತಂಗಿಯ ಕಣ್ಣು ದಿನೇದಿನೇ ಮಂಜಾಗುತ್ತಿತ್ತು, ಅವಳನ್ನು ಇಲ್ಲಿನ ಆಸ್ಪತ್ರೆ ಬಿಡಿಸಿ ಬೇರೆಲ್ಲಿಗೂ ಒಯ್ಯುವಂತಿರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಸಿಕ್ಕಿತ್ತು. ಅದರ ಯಜಮಾನ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಹಳೆಯದು ಮಾರಿದರೆ ಅದು ಸಿಗುತ್ತದೆ, ಮಾರದಿದ್ದರೆ ಅಕ್ಕತಂಗಿ ಇಬ್ಬರೂ ಬೀದಿಗೆ.

ಕೊಳ್ಳುವವನು ಕನ್ನಡಕದ ಅಂಗಡಿ ಇಟ್ಟವನು. ಹಿಂದೆ ಒಂದು ಮನೆ ಕೊಂಡು, ಅದರೊಳಗಿದ್ದ ಬಾಡಿಗೆದಾರನ ಜೊತೆ ಏಳು ವರ್ಷ ಕೋರ್ಟು ಹತ್ತಿ ಇಳಿದು ಸುಸ್ತಾದವನು. ಅವನದು ಒಂದೇ ಷರತ್ತು: "ಒಳಗೆ ಬೇರೆಯವರ ಒಂದು ಚಪ್ಪಲಿ ಕಂಡರೂ ನಾನು ವಾಪಸ್."

ಬಾಬಿನಕ್ಕ ತನ್ನ ಹಳೆಯ ಮನೆಯನ್ನು ಫೋನಿನಲ್ಲೇ ತಿದ್ದಿ ತೀಡುತ್ತಿದ್ದಳು. "ಫೋನನ್ನ ನಲ್ಲಿ ಕೆಳಗೆ ಹಿಡಿಯಪ್ಪ, ತೊಟ್ಟಿಕ್ಕೋ ಸದ್ದು ಕೇಳಲಿ," ಎಂದು ಪ್ಲಂಬರನಿಗೆ ಹೇಳಿ, ಕಿವಿಯಲ್ಲೇ ವಾಷರು ಹಾಳಾದದ್ದನ್ನು ಕಂಡುಹಿಡಿದಿದ್ದಳು. ಮೀಟರು ಮಾತ್ರ ಅವಳ ಕಿವಿಗೆ ಬಿದ್ದಿರಲಿಲ್ಲ.

ಖಾಲಿ ಮನೆ ಕಂಡರೆ ನುಗ್ಗುವ ಪುಂಡರ ಗುಂಪು ಎಲ್ಲ ಊರಿನಲ್ಲೂ ಇರುತ್ತದೆ. ಅಂಥವರೇ ಇರಬೇಕೆಂದು ಅವಳು ಮೊದಲು ಹೆದರಿದಳು. ಆದರೆ ಮುಂಬಾಗಿಲ ಬೀಗ ಸರಿಯಾಗಿಯೇ ಇದೆ ಎಂದು ದಲ್ಲಾಳಿ ಹೇಳಿದಾಗ ಅವಳಿಗೆ ಹಿತ್ತಲ ಬಾಗಿಲು ನೆನಪಾಯಿತು.

ಮೂವತ್ತು ವರ್ಷದ ಹಿಂದೆ ಗಿರಣಿಯ ಮುಷ್ಕರ ಒಂಬತ್ತು ತಿಂಗಳು ನಡೆಯಿತು. ಪೊಲೀಸರು ಈ ಮನೆಯ ಮುಂಬಾಗಿಲು ಕಾಯುತ್ತಿದ್ದರು, ಕಾರ್ಮಿಕ ಸಂಘದವರು ಹಿತ್ತಲಿನಿಂದ ಬಂದುಹೋಗುತ್ತಿದ್ದರು. ಆ ಬಾಗಿಲಿಗೆ ಹನ್ನೊಂದು ಕೀಲಿಕೈ ಮಾಡಿಸಿ ಹನ್ನೊಂದು ಜನಕ್ಕೆ ಹಂಚಿದ್ದರು. ಪೊಲೀಸರಿಂದ ತಪ್ಪಿಸಿಕೊಂಡು ಬಂದವರು ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು, ಮನೆಯವರು ಹೆಸರು ಕೇಳಬಾರದು. ಇದು ನಿಯಮ. ಮುಷ್ಕರ ಸೋತ ಮೇಲೆ ಕೀಲಿಕೈ ವಾಪಸ್ ಕೇಳುವುದು ಯಾರಿಗೂ ಹೊಳೆಯಲಿಲ್ಲ. ಮನೆ ಬಿಡುವಾಗ ಬಾಬಿನಕ್ಕ ಮುಂಬಾಗಿಲಿಗೆ ಹೊಸ ಬೀಗ ಜಡಿದಳು. ಹಿತ್ತಲಿನದನ್ನು ಮುಟ್ಟಲಿಲ್ಲ. ಅದು ಸಂಘ ಹಾಕಿಸಿದ ಬೀಗ. ಸಭೆ ಕರೆಯದೆ, ತೀರ್ಮಾನ ಆಗದೆ ಒಬ್ಬಳೇ ಹೇಗೆ ಬದಲಾಯಿಸುವುದು? ಸಂಘ ಸತ್ತು, ಅಧ್ಯಕ್ಷನೂ ಸತ್ತು, ಸಭೆಗೆ ಬರಲು ಅರ್ಧ ಜನವೂ ಉಳಿದಿರಲಿಲ್ಲ. ನಮ್ಮವರ ತಲೆ ಇರುವುದೇ ಹೀಗೆ. ಲೋಕದ ಬೀಗವನ್ನೆಲ್ಲ ಒಡೆಯುತ್ತೇವೆ, ನಮ್ಮದೊಂದು ಬೀಗ ಬದಲಾಯಿಸಲು ಠರಾವು ಬೇಕು.

ಪೊಲೀಸರಿಗೆ ಹೇಳೋಣ ಎಂದ ದಲ್ಲಾಳಿ. ಆ ಮನೆಗೆ ಪೊಲೀಸರನ್ನು ತಾನೇ ಕರೆಯಲು ಬಾಬಿನಕ್ಕ ಒಪ್ಪಲಿಲ್ಲ. "ನಾನೇ ಬರ್ತೀನಿ," ಎಂದು ರೈಲು ಹತ್ತಿದಳು.

ಮಧ್ಯಾಹ್ನ ಮನೆ ಮುಟ್ಟಿದಾಗ ಪೇಂಟರ್ ಅಂಗಳದಲ್ಲಿ ಬಕೆಟ್ಟಿನ ಮೇಲೆ ಕೂತಿದ್ದ. ಕನ್ನಡಕದವನು ಬರುವುದು ಮರುದಿನ ಹತ್ತು ಗಂಟೆಗೆ.

"ಕೆಲಸ ನಿಲ್ಲಿಸಿದ್ದೀಯಲ್ಲೋ."

"ಬಂದು ನೋಡಿ ನೀವೇ."

ನಡುಮನೆಯ ಗೋಡೆಗೆ ಹಿಂದಿನ ದಿನ ಬಳಿದ ಹಳದಿ ಡಿಸ್ಟೆಂಪರು. ಅದರ ಮೇಲೆ ಒಂದು ಅಂಗೈ, ಐದು ಬೆರಳು ಅಚ್ಚು ಒತ್ತಿದಂತೆ.

"ಸಂಜೆ ನಾನು ಬೀಗ ಹಾಕ್ಕೊಂಡು ಹೋಗುವಾಗ ಇರಲಿಲ್ಲ ಇದು."

"ನಿಂದೇ ಇರಬಹುದು."

ಪೇಂಟರ್ ತನ್ನ ಬಲಗೈ ಎತ್ತಿ ತೋರಿಸಿದ. ತೋರುಬೆರಳು ಅರ್ಧವೇ ಇತ್ತು. "ಎಡಗೈಯಲ್ಲಿ ನಾನು ಊಟ ಬಿಟ್ರೆ ಏನೂ ಮಾಡಲ್ಲ," ಎಂದ. ತಾನು ಏನು ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ, ಅಷ್ಟು ಗಾಬರಿ ಅವನಿಗೆ. "ಇವತ್ತು ನೋಡಿದ್ರೆ ಹಿಂದಿನ ಕೋಣೆ ಒಳಗಿಂದ ಚಿಲಕ ಹಾಕಿದೆ. ನಾನು ಅತ್ತ ಹೋಗಲ್ಲ ಅಕ್ಕ. ನಂಗೆ ಇಬ್ಬರು ಹೆಂಡ್ತೀರಿಗೆ ಉತ್ತರ ಹೇಳ್ಬೇಕು."

ಬಾಬಿನಕ್ಕ ಒಬ್ಬಳೇ ಹೋದಳು. ಈ ಓಣಿಯಲ್ಲಿ ಹಿಂದೆ ಲಾಠಿ ಬೀಸಿದಾಗ ಜೊತೆಗೆ ನೂರು ಜನ ಇದ್ದರು, ಓಡುವಾಗಲೂ ನೂರು ಜನ. ಈಗ ತನ್ನ ಮನೆಯ ಹದಿನಾಲ್ಕು ಅಡಿಯ ನಡುಮನೆ ದಾಟಲು ಪೇಂಟರ್ ಕೂಡ ಜೊತೆಗಿಲ್ಲ. ಒಳಗಿರುವವನು ಪುಂಡನಾದರೆ ಒಂದು ಭಯ. ಹನ್ನೊಂದು ಜನರಲ್ಲಿ ಒಬ್ಬನಾದರೆ ಅದಕ್ಕಿಂತ ದೊಡ್ಡದು. ಹಿಂದೊಮ್ಮೆ ಜೋಪಡಿ ಕೆಡವಲು ಬಂದ ಯಂತ್ರದ ಮುಂದೆ ಅಡ್ಡ ಮಲಗಿದ್ದ ತಾನು, ಒಬ್ಬ ಮುದುಕನಿಗೆ ಎದ್ದು ಹೋಗೆಂದು ಯಾವ ಬಾಯಲ್ಲಿ ಹೇಳುವುದು?

ಬಾಗಿಲು ತಟ್ಟಿದಳು. "ಯಾರು ಒಳಗೆ?"

ಒಳಗೆ ಕಬ್ಬಿಣದ್ದೇನನ್ನೋ ಎತ್ತಿಕೊಂಡ ಸದ್ದು. ಆಮೇಲೆ ಒಂದು ಹೆಣ್ಣಿನ ದನಿ. "ನೀವು ಯಾರು?"

"ಮನೆಯವಳು."

"ಜೊತೇಲಿ ಗಂಡಸಿದ್ದಾನಾ?"

"ಪೇಂಟರ್ ಇದ್ದಾನೆ. ಅಂಗಳದಲ್ಲಿ ನಡುಗ್ತಾ ನಿಂತಿದ್ದಾನೆ. ಅವನನ್ನ ಗಂಡಸು ಅಂತ ಲೆಕ್ಕಕ್ಕೆ ಹಿಡಿಯೋದಾದ್ರೆ ಹಿಡ್ಕೋ."

ಚಿಲಕ ಸರಿಯಿತು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಪರದೆಯ ಸರಳು. ಆ ಕೈಯಲ್ಲಿ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ.

ಅವಳ ತಾಯಿ ಗಿರಣಿಯಲ್ಲಿ ಹತ್ತಿ ಹಿಂಜುವ ವಿಭಾಗದವಳು. ಸಾಯುವ ಮೊದಲು ಕೀಲಿಕೈ ಕೊಟ್ಟು, ಎಲ್ಲೂ ಗತಿಯಿಲ್ಲವೆನಿಸಿದರೆ ಹಿತ್ತಲಿನಿಂದ ಹೋಗು, ಅಲ್ಲಿ ಹೆಸರು ಕೇಳುವುದಿಲ್ಲ ಎಂದಿದ್ದಳಂತೆ. ಗಂಡನ ಕೈಯಿಂದ ತಪ್ಪಿಸಿಕೊಂಡು ಈ ಹೆಂಗಸು ಮೊದಲು ಅಕ್ಕನ ಮನೆಗೆ ಹೋದಳು, ಅಲ್ಲಿಗೆ ಬಂದ. ಗೆಳತಿಯ ಮನೆಗೆ ಹೋದಳು, ಅಲ್ಲಿಗೂ ಬಂದ. ಇಲ್ಲಿ ಎರಡು ತಿಂಗಳಾಯಿತು.

"ನಿನ್ನೆ ಸಂಜೆ ಕಿಟಕಿ ಸಂದಿಯಿಂದ ನೋಡ್ದೆ. ಅವನು ತಿರುವಿನಲ್ಲಿ ನಿಂತು ಯಾರನ್ನೋ ಕೇಳ್ತಾ ಇದ್ದ. ಕಾಲು ನಿಲ್ಲಲಿಲ್ಲ ಅಮ್ಮ, ಗೋಡೆ ಹಿಡ್ಕೊಂಡೆ."

ಬಾಬಿನಕ್ಕ ಅವಳ ಕೊರಳ ಮೇಲಿನ ಗಾಯದ ಗುರುತು ನೋಡಿದಳು. ಆಸ್ಪತ್ರೆಯ ಹಿಂದಿನ ಎರಡು ಕೋಣೆಯನ್ನೂ ನೆನೆದಳು. ಕೊನೆಗೆ ಹೇಳಿದಳು: "ನಾಳೆ ಮನೆ ಕೊಳ್ಳೋನು ಬರ್ತಾನೆ. ನೀನು ಇವತ್ತೇ ಹೊರಡ್ಬೇಕು."

ಹೇಳಿಯೇಬಿಟ್ಟಳು. ಅದನ್ನು ಮುಚ್ಚಿಡುವುದರಿಂದ ಉಪಯೋಗವಿಲ್ಲ.

"ಆಯ್ತು," ಎಂದಳು ಆ ಹೆಂಗಸು. ಜಗಳವಾಡಲಿಲ್ಲ, ಅಳಲಿಲ್ಲ. ಚಾಪೆ ಸುತ್ತತೊಡಗಿದಳು. ಬೈದಿದ್ದರೆ ಬಾಬಿನಕ್ಕ ತಡೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದು. ಮೂರು ಸಲ, ಜೋರಾಗಿ. ಪೇಂಟರ್ ಯಾವಾಗ ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದನೋ, ಈಗ ರೋಲರು ಹಿಡಿದು ಗೋಡೆಗಂಟಿಕೊಂಡಿದ್ದ.

"ಅವನೇ," ಎಂದಳು ಹೆಂಗಸು. ಸರಳು ಅವಳ ಕೈಯಿಂದ ಬಿತ್ತು. ಬಾಬಿನಕ್ಕ ಅದನ್ನೆತ್ತಿಕೊಂಡಳು. ಮತ್ತೆ ಬಡಿತ. ತೆರೆಯದಿದ್ದರೆ ಒಡೆಯುತ್ತಾನೆ, ಓಣಿಯೆಲ್ಲ ಸೇರುತ್ತದೆ, ನಾಳೆ ಕೊಳ್ಳುವವನ ಕಿವಿಗೂ ಬೀಳುತ್ತದೆ. ಅಗುಳಿ ತೆಗೆದಳು. ಬಾಗಿಲು ತೆರೆಯುತ್ತಿದ್ದಂತೆ ಪೇಂಟರ್ ಕಣ್ಣು ಮುಚ್ಚಿ ರೋಲರು ಬೀಸಿದ.

ಕನ್ನಡಕದ ಅಂಗಡಿಯವನು ಹೊಸ್ತಿಲ ಮೇಲೆ ನಿಂತಿದ್ದ. ಕೈಯಲ್ಲಿ ಅಳತೆಪಟ್ಟಿ, ಬಿಳಿ ಅಂಗಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಹಳದಿ ಪಟ್ಟೆ.

"ಕಪಾಟಿಗೆ ಅಳತೆ ತಗೊಂಡು, ಬಣ್ಣ ಹೇಗೆ ಬಂದಿದೆ ನೋಡೋಣ ಅಂತ ಬಂದೆ," ಎಂದ. "ಮೈ ಮೇಲೇ ತೋರಿಸ್ಬಿಟ್ರಿ."

ಅವನ ಕಣ್ಣು ಬಾಬಿನಕ್ಕನ ಹೆಗಲ ಮೇಲಿಂದ ಒಳಗೆ ಹೋಗಿ, ಸುತ್ತಿದ ಚಾಪೆಯ ಮೇಲೆ ನಿಂತಿತು.

"ಆ ಹೆಣ್ಣುಮಗಳು ಯಾರು?"

ವ್ಯಾಪಾರ ಕುದುರುವುದೂ ಮುರಿಯುವುದೂ ಇಲ್ಲೇ ಎಂದು ಬಾಬಿನಕ್ಕನಿಗೆ ಗೊತ್ತಿತ್ತು.

"ತಂಗಿ ಮಗಳು," ಎಂದಳು. "ನನ್ನ ಜೊತೆ ಬಂದಳು. ನನ್ನ ಜೊತೆ ಹೋಗ್ತಾಳೆ."

ಎರಡನೆಯ ಮಾತು ಯೋಚಿಸಿ ಆಡಿದ್ದಲ್ಲ. ಬಾಯಿಂದ ಹೊರಬಿದ್ದ ಮೇಲೆ ಅವಳೂ ಕೇಳಿಸಿಕೊಂಡಳು.

"ದಲ್ಲಾಳಿ ನೀವೊಬ್ಬರೇ ಬರ್ತೀರಿ ಅಂದಿದ್ದ."

"ಇಬ್ಬರ ಬ್ಯಾಗೂ ನಾನೇ ಇಳಿಸ್ದೆ ಸ್ವಾಮಿ," ಎಂದ ಪೇಂಟರ್, ಕಣ್ಣು ಇನ್ನೂ ಪೂರ್ತಿ ತೆರೆಯದೆ. "ಒಂದೊಂದು ಎಷ್ಟು ಭಾರ ಅಂತೀರಿ."

ಕನ್ನಡಕದವನು ಏಳು ವರ್ಷ ಕೋರ್ಟು ಕಂಡವನು, ಅಷ್ಟಕ್ಕೆ ಬಗ್ಗಲಿಲ್ಲ. ಮನೆಯ ಮೇಲೆ ತನಗೆ ಯಾವ ಹಕ್ಕೂ ಇಲ್ಲವೆಂದು ಅವಳು ಬರೆದು ಸಹಿ ಹಾಕಬೇಕೆಂದ. ಪೆನ್ನು ಹಿಡಿದ ಹೆಂಗಸು ಬಾಬಿನಕ್ಕನ ಮುಖ ನೋಡಿದಳು. ಹೆಸರು ಬರೆದರೆ ಅದು ಓಣಿಗೆ ತಿಳಿಯುತ್ತದೆ, ಓಣಿಯಿಂದ ತಿರುವಿನಲ್ಲಿ ನಿಂತವನಿಗೆ. ಬಾಬಿನಕ್ಕ ಕಿಟಕಿಯತ್ತ ತಿರುಗಿಕೊಂಡಳು. ಆ ಹೆಂಗಸು ಯಾವ ಹೆಸರು ಬರೆದಳೋ, ಬಾಬಿನಕ್ಕ ನೋಡಲಿಲ್ಲ.

ಮೂರು ದಿನಕ್ಕೆ ನೋಂದಣಿ ಮುಗಿಯಿತು. ಆ ಮೂರು ದಿನವೂ ಇಬ್ಬರೂ ಕಿಟಕಿ ತೆರೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ರೈಲು ಹತ್ತಿದರು.

ಬಾಬಿನಕ್ಕ ಆ ಹೆಂಗಸಿನ ಗಂಡನನ್ನು ಕಂಡವಳಲ್ಲ. ದಪ್ಪಗಿದ್ದಾನೋ ಸಣ್ಣಗಿದ್ದಾನೋ, ಮೀಸೆ ಇದೆಯೋ ಇಲ್ಲವೋ, ಕೇಳಲೂ ಧೈರ್ಯವಾಗಲಿಲ್ಲ. ಹಾಗಾಗಿ ಪ್ರತಿ ನಿಲ್ದಾಣದಲ್ಲೂ ಹತ್ತುವ ಗಂಡಸರೆಲ್ಲ ಅವನೇ ಆದರು. ಟೀ ಮಾರುವವನು, ಟಿಕೆಟು ನೋಡುವವನು, ಮಗುವನ್ನೆತ್ತಿಕೊಂಡ ತಂದೆ ಕೂಡ. ಪೊಲೀಸಿನವನಾದರೆ ಖಾಕಿಯನ್ನಾದರೂ ದೂರದಿಂದ ಗುರುತಿಸಬಹುದಿತ್ತು.

ಮೂರನೆಯ ನಿಲ್ದಾಣದಲ್ಲಿ ಚೀಲ ಹಿಡಿದ ಒಬ್ಬ ಇವರ ಸೀಟಿನ ಹತ್ತಿರ ನಿಂತ. "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದ.

ಬಾಬಿನಕ್ಕ ಅವನ ಕಡೆ ನೋಡಲಿಲ್ಲ. ಎದುರಿಗಿದ್ದ ಹೆಂಗಸಿನ ಮುಖ ನೋಡಿದಳು. ಆಕೆ ತಲೆಯೆತ್ತಿ ಅವನನ್ನು ಕಂಡು, ಸುಮ್ಮನೆ ಮತ್ತೆ ಕಿಟಕಿಯ ಆಚೆ ನೋಡತೊಡಗಿದಳು. ಆಮೇಲೆ ಬಾಬಿನಕ್ಕ ಕಾಲು ಸರಿಸಿ, ಕೂತ್ಕೊಳ್ಳಪ್ಪ ಎಂದಳು.