ಬಾಲದಂಚಿನ ಕಪ್ಪು ಪಟ್ಟಿ

ನಮ್ಮ ಹೊಲ ಕಣ್ವ ಜಲಾಶಯದ ಹಿನ್ನೀರಿಗೆ ತಾಗಿದೆ. ಚಳಿಗಾಲದಲ್ಲಿ ಅಲ್ಲಿಗೆ ನಾಲ್ಕಾರು ಬಿಳಿ ಹಕ್ಕಿಗಳು ಬರುತ್ತಿದ್ದವು. ಊರಿನವರಿಗೆ ನೀರಿನ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಕೊಕ್ಕರೆಯೇ. ಇವು ಗಲ್ ಹಕ್ಕಿಗಳು, ಹಿಮಾಲಯದಾಚೆಯ ಕೆರೆಗಳಲ್ಲಿ ಹುಟ್ಟಿ ಚಳಿಗೆ ಕಡಲಿನ ಕಡೆ ಬರುವಂಥವು ಎಂದು ನನಗೆ ತಿಳಿಸಿದವಳು ನನ್ನ ಮಗಳು. ಆಗ ಅವಳು ಚನ್ನಪಟ್ಟಣದಲ್ಲಿ ಪಿಯುಸಿ ಓದುತ್ತಿದ್ದಳು. ಹಕ್ಕಿ ನೋಡುವ ಹುಚ್ಚಿನ ಮೇಷ್ಟ್ರೊಬ್ಬರು ಕಾಲೇಜಿನ ದುರ್ಬೀನನ್ನು ಅವಳ ಕೈಗೆ ಕೊಟ್ಟಿದ್ದರು.

ನಾನು ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿದ್ದ ಹೊಸತು. ಆ ವರ್ಷಗಳಲ್ಲಿ ಹೆದ್ದಾರಿಯುದ್ದಕ್ಕೂ ಶೆಡ್ಡುಗಳು ಏಳುತ್ತಿದ್ದವು. ನಮ್ಮೂರ ಆಸುಪಾಸಿನಿಂದಲೇ ಒಂದು ಬಸ್ಸು ತುಂಬುವಷ್ಟು ಜನ ಪಾಳಿಗೆ ಹೋಗುತ್ತಿದ್ದೆವು. ವಾರದ ರಜೆಯಲ್ಲಾದರೂ ಮಲಗೋಣವೆಂದರೆ ಅವಳು ಬಿಡುತ್ತಿರಲಿಲ್ಲ. ಎಬ್ಬಿಸಿಕೊಂಡು ಹೋಗಿ ಹೊಲದ ಬದುವಿನ ಮೇಲೆ ಕೂರಿಸುತ್ತಿದ್ದಳು.

ಮೊದಮೊದಲು ನಾನು ತಪ್ಪು ಹೇಳುತ್ತಿದ್ದೆ. ಸಣ್ಣದು ಕಂಡರೆ ಮರಿ ಎನ್ನುತ್ತಿದ್ದೆ. ಅದು ರೀವ, ಬೇರೆಯೇ ಹಕ್ಕಿ, ಬಾಲ ಕವಲೊಡೆದಿದೆ ನೋಡು ಎಂದು ಅವಳು ನಗುತ್ತಿದ್ದಳು.

"ಗಾತ್ರ ಜಾತಿ ಹೇಳ್ತದೆ ಅಪ್ಪ, ವಯಸ್ಸು ಹೇಳಕಿಲ್ಲ. ಮರಿ ಇಲ್ಲಿಗ್ ಬರೋ ಹೊತ್ಗೆ ಅವರವ್ವನಷ್ಟೇ ಆಗಿರ್ತದೆ. ವಯಸ್ಸು ಗರಿಯಲ್ಲೈತೆ."

ಆ ವರ್ಷ ಹುಟ್ಟಿದ ಮರಿಗೆ ರೆಕ್ಕೆಯ ಮೇಲೆ ಕಂದು ಮಚ್ಚೆಗಳಿರುತ್ತವೆ, ಬಾಲದಂಚಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಮುಂದೆ ಪಟ್ಟಿ ಹೋಗಿ ಬಾಲ ಪೂರ್ತಿ ಬೆಳ್ಳಗಾಗುತ್ತದೆ. ಬಾಲ ಕಾಣದೆ ವಯಸ್ಸು ಹೇಳಬಾರದು ಎಂಬುದು ಅವಳ ಕಟ್ಟಪ್ಪಣೆ.

ಅವಳು ಅವ್ವನಿಗಿಂತ ಎತ್ತರ ಬೆಳೆದಿದ್ದಳು. ಹುಡುಗಿ ಆಳೆತ್ತರ ಆಗಿದ್ದಾಳೆ, ಇನ್ನೂ ಗಂಡು ನೋಡುವುದಿಲ್ಲವೇ ಎಂದು ನಮ್ಮಣ್ಣ ಒಮ್ಮೆ ಜಗಲಿಯ ಮೇಲೆ ಕೂತು ಕೇಳಿದ. ಒಳಗಿನಿಂದಲೇ ಅವಳು, "ಎತ್ತರ ನೋಡಿ ಹೇಳ್ಬ್ಯಾಡಿ ದೊಡ್ಡಪ್ಪ, ಬಾಲ ನೋಡ್ಬೇಕು," ಅಂದಳು. ಅಣ್ಣ ಕಕ್ಕಾಬಿಕ್ಕಿಯಾದ. ನಾನು ನಗು ತಡೆಯಲಾರದೆ ಎದ್ದು ಹೊರಗೆ ಹೋದೆ.

ಎರಡು ಚಳಿಗಾಲ ನೋಡಿದೆವು. ಬಂದವೆಲ್ಲ ದೊಡ್ಡವೇ, ಪೂರ್ತಿ ಬಿಳಿ ಬಾಲದವು. ಒಂದೇ ಒಂದು ಮರಿಯನ್ನಾದರೂ ಕಾಣಬೇಕೆಂದು ಅವಳಿಗಿತ್ತು. ಹುಟ್ಟಿದ ವರ್ಷವೇ ಅಷ್ಟು ದೂರ ಹಾರಿ ಬರುತ್ತದಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಮೂರನೆಯ ಚಳಿಗಾಲದ ಮೊದಲಲ್ಲಿ ಜ್ವರ ಬಂತು. ರಾಮನಗರದಿಂದ ಬೆಂಗಳೂರಿಗೆ ಕರೆದೊಯ್ಯುವ ದಾರಿಯಲ್ಲಿ, ಅವಳ ಅವ್ವನ ತೊಡೆಯ ಮೇಲೆ ಹೋದಳು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಹೊಲದಲ್ಲೇ, ನಾವು ಕೂರುತ್ತಿದ್ದ ಬದುವಿನ ಹತ್ತಿರ ಮಣ್ಣು ಮಾಡಿದೆವು.

ತಿಥಿಯ ದಿನ ಗುಡ್ಡೆಯ ಮೇಲೆ ಎಡೆ ಇಟ್ಟೆವು. ಅವಳಿಗೆ ಇಷ್ಟವೆಂದು ನನ್ನ ಹೆಂಡತಿ ಜಲಾಶಯದ ಜಿಲೇಬಿ ಮೀನು ಹುರಿದು ತಂದಿದ್ದಳು. ಎಲ್ಲರೂ ದೂರ ಸರಿದು ನಿಂತೆವು. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಕಾಗೆ ಬರಲಿಲ್ಲ. ರಸ್ತೆ ಬದಿಯ ಹೊಸ ಶೆಡ್ಡಿನ ಕ್ಯಾಂಟೀನಿನವರು ಹಿತ್ತಲಿಗೆ ಅನ್ನ ಸುರಿಯುತ್ತಿದ್ದರು; ಸುತ್ತಿನ ಕಾಗೆಗಳೆಲ್ಲ ಅಲ್ಲಿ. "ಕಾಗೇನೂ ಡ್ಯೂಟಿಗೆ ಹೋಗ್ಬುಟ್ಟವೆ ಕಣ್ಲಾ," ಎಂದು ಹಿಂದೆ ಯಾರೋ ಗೊಣಗಿದರು.

ಕಾಗೆ ಬಾರದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಮನೆಯವರು ಅದನ್ನು ತೀರಿಸುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು. ಅಣ್ಣ ನನ್ನ ಭುಜ ಮುಟ್ಟಿದ. "ಮಗೀನ ಆಸೆ ಏನಿತ್ತು ಹೇಳ್ಬುಡ್ಲಾ. ನಡೆಸ್ತೀನಿ ಅನ್ನು."

ಆಸೆ ನನಗೆ ಗೊತ್ತಿತ್ತು. ನಡೆಸುತ್ತೇನೆ ಎನ್ನಲು ಅದು ನನ್ನ ಕೈಯಲ್ಲಿರಲಿಲ್ಲ.

ಆಗ ನೀರಿನ ಕಡೆಯಿಂದ ಒಂದು ಹಕ್ಕಿ ತಗ್ಗಿನಲ್ಲೇ ಹಾರಿ ಬಂತು. ಗುಡ್ಡೆಯ ಮೇಲೆ ಕಾಲೂರಿತೋ ಇಲ್ಲವೋ, ಮೀನು ಕಚ್ಚಿಕೊಂಡು ತಿರುಗಿ ಹೋಯಿತು. ಹದ್ದು ಅಂದರು, ಕೊಕ್ಕರೆ ಅಂದರು. ರೀವಕ್ಕಿಂತ ದೊಡ್ಡದು, ಅಗಲ ರೆಕ್ಕೆ. ಗಲ್ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದುರ್ಬೀನನ್ನು ಅದಾಗಲೇ ಕಾಲೇಜಿಗೆ ಹಿಂತಿರುಗಿಸಿದ್ದೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅದು ನೀರಿನ ಮೇಲಿನ ಬಿಸಿಲಿನಲ್ಲಿ ಸೇರಿಹೋಗಿತ್ತು.

ಕಾಗೆಯಲ್ಲವಲ್ಲ ಎಂದು ಅಣ್ಣ ಅನುಮಾನಿಸಿದ. ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮರಿನಾ?"

ಹೌದು ಅಂದಿದ್ದರೆ ಅವಳಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ಆದರೆ ಕಾಣದ್ದನ್ನು ಕಂಡೆನೆನ್ನಲು, ಅದೂ ಆ ಮಣ್ಣಿನ ಎದುರಿಗೆ ನಿಂತು, ನನ್ನಿಂದಾಗಲಿಲ್ಲ.

"ಬಾಲ ಕಾಣ್ಲಿಲ್ಲ ಕಣೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು. "ಮುಟ್ಟೈತೆ ಬುಡಿ ಭಾವ. ಎಲ್ರೂ ಉಣ್ಲಿ."

ಆಮೇಲೆ ಪ್ರತಿ ಚಳಿಗಾಲವೂ ರಜೆಯ ದಿನ ಬದುವಿನ ಮೇಲೆ ಕೂರುತ್ತ ಬಂದಿದ್ದೇನೆ. ಈಗ ನೀರು ಕಡಿಮೆ, ಹಕ್ಕಿಯೂ ಕಡಿಮೆ. ಕೆಲವು ವರ್ಷ ಒಂದೂ ಬಂದಿಲ್ಲ. ಕಳೆದ ಚಳಿಯಲ್ಲಿ ಮೂರು ಬಂದವು. ಒಂದು ತಲೆಯ ಮೇಲೇ ಹಾರಿತು. ರೆಕ್ಕೆಯಲ್ಲಿ ಕಂದು ಮಚ್ಚೆ, ಬಾಲದಂಚಿಗೆ ಪಟ್ಟಿ, ಮಸಿಯಲ್ಲಿ ಎಳೆದ ಹಾಗೆ. ತೋರಿಸಲೆಂದು ಪಕ್ಕಕ್ಕೆ ತಿರುಗಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವತ್ತು ಬಂದಿತ್ತಲ್ಲ, ಅದೇನಾ ಎಂದು ಕೇಳಿದಳು. ಅದಲ್ಲ, ಇದು ಈ ವರ್ಷ ಹುಟ್ಟಿದ್ದು ಅಂದೆ. ಅವತ್ತಿನದು ಮರಿಯೇ ಆಗಿದ್ದರೂ ಅದರ ಪಟ್ಟಿ ಎಂದೋ ಹೋಗಿರುತ್ತದೆ, ಈಗ ಬಂದರೂ ಗುರುತು ಸಿಗದು ಎಂದು ವಿವರಿಸಿದೆ.

ಅವಳು ತಟ್ಟೆಗೆ ಮುದ್ದೆ ಇಡುತ್ತಿದ್ದವಳು ಕೈ ತಡೆದಳು.

"ಹಂಗಾರೆ ಅದು ದೊಡ್ಡದಾಗಿರ್ತದೆ," ಅಂದಳು.