ಅಣಬೆ ಏಳದ ಮಳೆಗಾಲ

ಆಗೆಲ್ಲ ಆರಿದ್ರಾ ಮಳೆಯ ಗುಡುಗು ಕೇಳಿದರೆ ನಮ್ಮೂರಿನ ಹೆಂಗಸರು ಬ್ಯಾಣದ ಕಡೆ ನೋಡುತ್ತಿದ್ದರು. ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಹಿಂದೆ ದನ ಮೇಯುವ ಆ ಬ್ಯಾಣದ ತುಂಬ ಹುತ್ತಗಳು. ಗುಡುಗಿದ ಮರುದಿನ ಅವುಗಳ ಬುಡದಲ್ಲಿ ಬಿಳಿ ಅಣಬೆ ಏಳುತ್ತಿತ್ತು. ನನ್ನಜ್ಜಿಯೂ ಪಕ್ಕದ ಮನೆಯ ಗಂಗಜ್ಜಿಯೂ ಒಟ್ಟಿಗೆ ಹೋಗಿ ಕಿತ್ತು ತಂದು, ನಮ್ಮ ಜಗಲಿಯಲ್ಲಿ ಪಾಲು ಮಾಡಿಕೊಳ್ಳುತ್ತಿದ್ದರು. ಕಾಯಿ, ಮೆಣಸು ಅರೆದು ಹಾಕಿದ ಆ ಸಾರು ಕುದಿಯುವಾಗ ಹಸಿಮಣ್ಣಿನ ಘಮ ಬೀದಿಗೂ ಬರುತ್ತಿತ್ತು.

ಆಮೇಲೆ ಬ್ಯಾಣದಲ್ಲಿ ಅಕೇಶಿಯಾ ನೆಟ್ಟರು. ಗುಂಡಿ ತೆಗೆಯಲು ಬಂದ ಯಂತ್ರ ಹುತ್ತಗಳನ್ನೂ ಪೊದೆಗಳನ್ನೂ ಸಮ ಮಾಡಿ ಹೋಯಿತು. "ಹುತ್ತ ಮತ್ತೆ ಬೆಳೀತೈತೆ ಬಿಡು, ಸೌದೆ ಆತಲ್ಲ" ಅಂದಿದ್ದಳು ಅಜ್ಜಿ. ಅಣಬೆ ಕಡಿಮೆಯಾಗುತ್ತಾ ಬಂತು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಒಂದೂ ಸಿಗಲಿಲ್ಲ.

"ಗಂಗಿ ನಮ್ಗಿಂತ ಮುಂಚೆ ಹೋಗಿ ಕಿತ್ಕಂಡ್ ಬರ್ತಿದಾಳೆ ಕಣೆ" ಎಂದಳು ಅಜ್ಜಿ. "ಇಲ್ದಿದ್ರೆ ಎಲ್ಲಿಗೆ ಹೋಗ್ತವೆ?"

ಅಂದಿನಿಂದ ಸಂಜೆಯಾದರೆ ಹಿತ್ತಲ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಹೊಗೆ ಮೂಸುವಳು. ಒಂದು ದಿನ ನನ್ನನ್ನೇ ಅಟ್ಟಿದಳು: "ಮಜ್ಜಿಗೆ ಕೇಳು. ಒಲೆ ಮೇಲೆ ಎಂತ ಐತೆ ನೋಡ್ಕಂಡ್ ಬಾ."

ನಾನು ಒಳಗೆ ಕಾಲಿಟ್ಟಿದ್ದೇ ತಡ, ಗಂಗಜ್ಜಿ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಮಜ್ಜಿಗೆ ಕೊಟ್ಟಳು, ಆದರೆ ಕೂರು ಅನ್ನಲಿಲ್ಲ. ಮನೆಗೆ ಬಂದು ಹೇಳಿದೆ. "ನಾ ಹೇಳ್ಲಿಲ್ವಾ!" ಎಂದು ಅಜ್ಜಿ ತೊಡೆ ತಟ್ಟಿದಳು. ಮರುದಿನವೇ ಗಂಗಜ್ಜಿಯ ಸೊಸೆ ಹೆಪ್ಪು ಕೇಳುವ ನೆಪದಲ್ಲಿ ಬಂದು ನಮ್ಮ ಅಡುಗೆಮನೆಯ ಮೂಲೆಮೂಲೆ ನೋಡಿ ಹೋದಳು.

ಮತ್ತೆ ಗುಡುಗಿತು. ಬೆಳಕು ಹರಿಯುವ ಮುಂಚೆ ಅಜ್ಜಿ ನನ್ನ ಕೈ ಹಿಡಿದು ಹೊರಟಳು. ಸೋನೆ ಮಳೆ. ಅಕೇಶಿಯಾದ ಕೆಳಗೆ ಹಕ್ಕಿಯ ದನಿಯಿಲ್ಲ. ಹಳೆಯ ದೊಡ್ಡ ಹುತ್ತವಿದ್ದ ಜಾಗದಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತು ಕೋಲಿನಿಂದ ಕೆದಕುತ್ತಿದ್ದರು.

"ಸಿಕ್ಕಿಬಿದ್ಯಲ್ಲೇ ಗಂಗೀ!"

ಗಂಗಜ್ಜಿ ಎದ್ದು ನಿಂತು ಬುಟ್ಟಿಯನ್ನು ಬೋರಲು ಹಾಕಿದಳು. ಏನೂ ಬೀಳಲಿಲ್ಲ. "ನೀನೇ ಕದ್ದು ಒಯ್ತಿದೀಯ ಅಂತ ಕಾಯಾಕೆ ಬಂದಿದ್ದೆ" ಎಂದಳು.

"ಮತ್ತೆ ಆವತ್ತು ಪಾತ್ರೆ ಯಾಕ್ ಮುಚ್ಚಿದೆ?"

"ಬರೀ ಕೆಸುವಿನ ಸೊಪ್ಪು ಕಣೆ. ಹುಡುಗಿ ಎಂತಕ್ಕೆ ಬಂದಾಳೆ ಅಂತ ತಿಳೀಲಿಲ್ವಾ ನಂಗೆ?"

ಅಜ್ಜಿ ಕೋಲು ಇಸಿದುಕೊಂಡು ತಾನೂ ಕೆದಕಿದಳು. ಗೇಣುದ್ದ ತರಗೆಲೆ, ಒಂದೂ ಕೊಳೆತಿರಲಿಲ್ಲ. ಅಷ್ಟು ಮಳೆಯಲ್ಲೂ ಕೆಳಗಿನ ಮಣ್ಣು ಒಣಗಿ ಗಟ್ಟಿಯಾಗಿತ್ತು. ಹುತ್ತ ಕಟ್ಟಿ ಅಣಬೆ ಎಬ್ಬಿಸುವ ಗೆದ್ದಲು ಒಂದೂ ಇರಲಿಲ್ಲ. ಅಜ್ಜಿ ಕೋಲನ್ನು ಗಂಗಜ್ಜಿಯ ಕೈಗೆ ವಾಪಸ್ ಕೊಟ್ಟಳು.

ಮಾತುಕತೆ ಮತ್ತೆ ಶುರುವಾಯಿತು, ಮೊದಲಿನ ಸಲಿಗೆ ಬರಲಿಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ಅಜ್ಜಿ ನನ್ನನ್ನು ಕೇಳಿದ್ದಳು: "ಆ ವರ್ಷ ಮೊದ್ಲ ಮಳೇಲಿ ಗಂಗಿಗೆ ನಾಕಾದ್ರೂ ಸಿಕ್ಕಿರ್ಬೌದಲ್ವಾ?"

ಆ ಮರಗಳನ್ನು ಕಡಿದು ಮತ್ತೆ ಅವನ್ನೇ ನೆಟ್ಟಿದ್ದಾರೆ. ಹೋದ ವರ್ಷ ತಮ್ಮನ ಮಗಳ ಜೊತೆ ಅಲ್ಲಿ ನಡೆಯುತ್ತಾ ಹೇಳಿದೆ, ಇಲ್ಲಿ ಕವಳಿ ಹಣ್ಣಿನ ಪೊದೆಗಳಿದ್ದವು, ಮೊಲ ಓಡಾಡುತ್ತಿದ್ದವು, ಹುಲ್ಲು ನನ್ನ ಸೊಂಟದವರೆಗೆ ಬರುತ್ತಿತ್ತು ಎಂದು. ಅವಳು ಸಾಲುಸಾಲು ಮರಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಸುಳ್ಳು ಹೇಳ್ಬೇಡ ಅತ್ತೆ. ಒಂದು ಫೋಟೋ ಆದ್ರೂ ಐತಾ?"

ಇರಲಿಲ್ಲ.